ಅಮ್ಮನ ಗುಳ್ಳ, ಯಾರದೋ ಕಥೆ

ಕಳೆದ ವಾರ ಚಿಕ್ಕಮ್ಮ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಬರಹ ಕಳುಹಿಸಿದರು. ಜೊತೆಗೆ, "ಓದಿ ಕಣ್ಣು ತುಂಬಿ ಬಂತು ಮಾಣಿ, ನಿನ್ನ ಅಮ್ಮನ ನೆನಪಾಯಿತು" ಎಂದು ನನಗೇ ಬರೆದಿದ್ದರು. ನಾಲ್ಕು ಸಾಲು ಓದುವಷ್ಟರಲ್ಲಿ ಕೈಕಾಲು ತಣ್ಣಗಾಯಿತು. ಅದು ನನ್ನ ಅಮ್ಮನದೇ ಕಥೆ. ಎರಡು ವರ್ಷಗಳ ಹಿಂದೆ ಇದೇ ಜಾಲತಾಣದ ನನ್ನ ಗೋಡೆಯ ಮೇಲೆ ನಾನೇ ಬರೆದದ್ದು. ಕೊನೆಯಲ್ಲಿ ನನ್ನ ಹೆಸರಿನ ಜಾಗದಲ್ಲಿ "ಕೃಪೆ: ವಾಟ್ಸಾಪ್" ಎಂದಿತ್ತು.

ಹೆಸರು ಹೋದದ್ದಕ್ಕೆ ನನಗೆ ದುಃಖವಿಲ್ಲ. ದುಃಖ ಬೇರೆಯದು.

ನಾನು ಬರೆದದ್ದು ಇಷ್ಟು. ಅಮ್ಮ ಕೊನೆಯ ಹನ್ನೊಂದು ತಿಂಗಳು ಹಾಸಿಗೆ ಹಿಡಿದಿದ್ದರು. ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ, ಗುಳ್ಳದ (ನಮ್ಮ ಕಡೆಯ ಗುಂಡು ಬದನೆಯ) ಹುಳಿ ತಿನ್ನಬೇಕು ಎಂದರು. ನಾನು ಉಡುಪಿ ಪೇಟೆಯಿಂದ ತಂದ ಗುಳ್ಳವನ್ನು ಅವರ ಕೈಯಲ್ಲಿಟ್ಟೆ. ಹೆಬ್ಬೆರಳಿನಿಂದ ತೊಟ್ಟನ್ನು ನಿಧಾನವಾಗಿ ಸವರಿ ನೋಡಿ, "ಮುಳ್ಳೇ ಇಲ್ಲವಲ್ಲ, ಇದು ಮಟ್ಟುವಿನದಲ್ಲ" ಎಂದು ಹಿಂದಕ್ಕೆ ಕೊಟ್ಟರು. ಉಡುಪಿಯ ಯತಿ ವಾದಿರಾಜರು ಕೊಟ್ಟ ಬೀಜ ಎಂದು ನಾವು ನಂಬಿಕೊಂಡು ಬಂದಿರುವ, ಮಟ್ಟು ಎಂಬ ಊರಿನ ಈ ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅಮ್ಮನಿಗೆ ಹೆಬ್ಬೆರಳು ಸಾಕಿತ್ತು. ನನ್ನ ಹೆಂಡತಿ ಅಂದೇ ಕಟಪಾಡಿಗೆ ಬಸ್ ಹತ್ತಿ, ಅಲ್ಲಿಂದ ಮಟ್ಟುವಿಗೇ ಹೋಗಿ ಎರಡು ಗುಳ್ಳ ತಂದಳು. ಹುಳಿ ಮಾಡಿ, ಹೋಳನ್ನು ಹಿಸುಕಿ ಮೆತ್ತಗೆ ಮಾಡಿ, ಚಮಚದಲ್ಲಿ ತಿನ್ನಿಸಿದಳು. ಅಮ್ಮ ಮೂರು ಚಮಚ ತಿಂದು, ಸಾಕು ಎಂದು ಅವಳ ಮಣಿಕಟ್ಟು ಹಿಡಿದುಕೊಂಡೇ ನಿದ್ದೆಹೋದರು.

ಚಿಕ್ಕಮ್ಮ ಕಳುಹಿಸಿದ ಬರಹದಲ್ಲಿ ಗುಳ್ಳವಿದೆ, ತೊಟ್ಟಿನ ಮುಳ್ಳಿದೆ, ಅಮ್ಮನ ಮಾತೂ ಹಾಗೆಯೇ ಇದೆ. ಆದರೆ ಮಗ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಂಬಳ ಎಣಿಸುವವನು. ಅಮ್ಮ ಇರುವುದು ವೃದ್ಧಾಶ್ರಮದಲ್ಲಿ. ಅಲ್ಲಿಗೆ ಸೇರಿಸಿದವಳು ಸೊಸೆ. ಮುಳ್ಳಿಲ್ಲದ ಅಗ್ಗದ ಗುಳ್ಳವನ್ನು ಆಳಿನ ಕೈಯಲ್ಲಿ ಕಳುಹಿಸಿದವಳೂ ಅವಳೇ. ಆ ಗುಳ್ಳವನ್ನು ಹಿಡಿದುಕೊಂಡೇ ತಾಯಿ ಪ್ರಾಣ ಬಿಡುತ್ತಾಳೆ. "ಹೆತ್ತವರನ್ನು ಕಡೆಗಣಿಸುವವರಿಗೆ ಇದು ಪಾಠ, ಹತ್ತು ಮಂದಿಗೆ ಕಳುಹಿಸಿ" ಎಂದು ಕೊನೆಯ ಸಾಲು.

ಇದನ್ನು ತಿದ್ದಿದವರಿಗೆ ನಮ್ಮ ಮೇಲೆ ದ್ವೇಷವೇನೂ ಇದ್ದಿರಲಾರದು. ಸುಮ್ಮನೆ ಒಬ್ಬ ಕೆಟ್ಟ ಸೊಸೆ ಬೇಕಾಗಿತ್ತು, ಅಷ್ಟೇ. ನನಗೆ ಸಹಿಸಲಾಗದಿರುವುದು ಅದೇ. ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ದೂರದ ಸಂಬಂಧಿಯೊಬ್ಬರು ನನ್ನ ಹೆಂಡತಿಯನ್ನು, "ಅತ್ತೆಯನ್ನು ಕೊನೆಗೆ ಎಲ್ಲಿ ಇಟ್ಟಿದ್ದಿರಿ?" ಎಂದು ಕೇಳಿದರಂತೆ. ಅವಳು ಎಲೆ ಮಡಚಿ ಎದ್ದು ಬಂದಳು. ಹನ್ನೊಂದು ತಿಂಗಳು ಅಮ್ಮನ ಮಗ್ಗುಲು ಬದಲಿಸಿದ ಕೈ ಅದು.

ಮೊದಲ ಸಲ ನನ್ನ ಬರಹ ಬೇರೆಯವರ ಗೋಡೆಯಲ್ಲಿ ಕಂಡಾಗಲೇ ನಾನೊಂದು ತಪ್ಪು ಮಾಡಿದೆ: ಗಾಬರಿಯಾಗಿ ಮೂಲವನ್ನೇ ಅಳಿಸಿಬಿಟ್ಟೆ. ಅಳಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಆದದ್ದು ತಿರುಗಾಮುರುಗಾ. ನಿಜವಾದದ್ದು ಹೋಯಿತು, ತಿರುಚಿದ್ದು ಮಾತ್ರ ಉಳಿಯಿತು. ಇವತ್ತು ಯಾರಾದರೂ "ನೀವು ಬರೆದದ್ದು ಎಲ್ಲಿದೆ, ತೋರಿಸಿ" ಎಂದರೆ ತೋರಿಸಲು ನನ್ನಲ್ಲಿ ಏನೂ ಇಲ್ಲ.

ವಾಟ್ಸಾಪ್‌ನಲ್ಲಿ "ಎಲ್ಲರಿಗೂ ಅಳಿಸು" ಎಂಬ ಸೌಲಭ್ಯವಿದೆ. ಗ್ರೂಪಿನ ಅಡ್ಮಿನ್ ಅಲ್ಲದವರಿಗೆ ಅದು ತಾವೇ ಕಳುಹಿಸಿದ ಸಂದೇಶಕ್ಕೆ, ಅದೂ ಸುಮಾರು ಎರಡೂವರೆ ದಿನಗಳ ಒಳಗೆ. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಬಂತು, 2020ರಲ್ಲಿ ಹಲವು ಬಾರಿ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಎಂದಾಯಿತು. ಆದರೆ ಬರಹವನ್ನು ನಕಲು ಮಾಡಿ ಅಂಟಿಸಿದರೆ ಅದು ಹೊಸ ಸಂದೇಶ. ಫಾರ್ವರ್ಡ್ ಎಂಬ ಗುರುತೂ ಇರುವುದಿಲ್ಲ, ಮಿತಿಯೂ ಅನ್ವಯಿಸುವುದಿಲ್ಲ. ಫೋಟೋ ಆಗಿದ್ದರೆ ಮುಖವಾದರೂ ಗುರುತಿಗೆ ಸಿಗುತ್ತಿತ್ತು. ಬರಹಕ್ಕೆ ಮುಖವಿಲ್ಲ, ಯಾರು ಬೇಕಾದರೂ ಅದಕ್ಕೆ ಬೇರೆ ಅಂಗಿ ತೊಡಿಸಬಹುದು.

ಕಾನೂನನ್ನೂ ಓದಿ ನೋಡಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂರನೇ ಸೆಕ್ಷನ್ ಪ್ರಕಾರ, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ತನ್ನ ಮಾಹಿತಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ. "ಸಾರ್ವಜನಿಕ" ಎಂಬ ಗುಂಡಿ ಒತ್ತಿದವನು ನಾನೇ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಮಾತ್ರ, ಬರಹ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕನ್ನೂ ಬರೆದವನಿಗೆ ಕೊಡುತ್ತದೆ. ಹಕ್ಕೇನೋ ಇದೆ. ಯಾರ ಮೇಲೆ ಚಲಾಯಿಸಲಿ? ಚಿಕ್ಕಮ್ಮನಿಗೆ ಕಳುಹಿಸಿದವರನ್ನು ಕೇಳಿದೆ, ಅವರು ಮುಂಬಯಿಯ ಗೆಳತಿಯ ಹೆಸರು ಹೇಳಿದರು, ಆ ಗೆಳತಿ ಯಾವುದೋ ಭಜನಾ ಗ್ರೂಪಿನ ಹೆಸರು ಹೇಳಿದರು. ಅಲ್ಲಿಗೆ ದಾರಿ ಕಡಿಯಿತು.

ಇನ್ನೂ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಥೆ ತಿರುಚಿದವರನ್ನು ನಾನು ಬೈಯುತ್ತಿದ್ದೇನೆ, ಬೈಯಬೇಕಾದದ್ದೇ. ಆದರೆ ಅಮ್ಮನ ಹಾಸಿಗೆಯನ್ನು, ಆ ಮಬ್ಬುಗಣ್ಣನ್ನು, ಬಾಯಿಯ ಕೊನೆಯ ರುಚಿಯನ್ನು ಮೊದಲು ಮನೆಯಿಂದ ಹೊರಗೆ ತಂದವನು ನಾನು. ಅಮ್ಮ ಇದ್ದಾಗ ಬಟ್ಟೆ ಒಣಹಾಕುವುದನ್ನೂ ಬೀದಿಗೆ ಕಾಣದಂತೆ ಮಾಡುತ್ತಿದ್ದವರು. ಅವರನ್ನು ಕೇಳುವ ಅವಕಾಶ ನನಗಿರಲಿಲ್ಲ. ಹೆಂಡತಿಯನ್ನು ಕೇಳುವ ಅವಕಾಶವಿತ್ತು, ಕೇಳಲಿಲ್ಲ.

ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ ಅವರು. ಆಮೇಲೆ ಗ್ರೂಪಿನಲ್ಲಿ, "ಇದು ಸುಳ್ಳು. ನನ್ನ ಅಕ್ಕನನ್ನು ಸೊಸೆ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದಾಳೆ" ಎಂದು ಬರೆದರು. ನೀವೂ ಈ ಗುಳ್ಳದ ಕಥೆಯನ್ನು ಎಲ್ಲಾದರೂ ಕಂಡರೆ, ದಯವಿಟ್ಟು ಅದರ ಕೆಳಗೆ ಇಷ್ಟನ್ನಾದರೂ ಬರೆಯಿರಿ.

ಇದನ್ನು ಹಾಕುವ ಮೊದಲು ಹೆಂಡತಿಗೆ ಪೂರ್ತಿ ಓದಿ ಹೇಳಿದೆ. ಎರಡು ಸಾಲು ತೆಗೆಯಿರಿ ಎಂದಳು. ತೆಗೆದಿದ್ದೇನೆ.