ಬಾವು ಬರುವ ಮಕ್ಕಳು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ

ಐವತ್ತು ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ ಅಂದ ಕೂಡಲೇ "ಅದೆಲ್ಲ ನಮ್ಮ ಕಡೆ ಎಲ್ಲಿ ಬರುತ್ತೆ ಬಿಡ್ರಿ" ಅಂತಾರೆ. ಹೆರಿಡಿಟರಿ ಆ್ಯಂಜಿಯೋಎಡಿಮಾ, ಅಂದರೆ ವಂಶದಲ್ಲಿ ಹರಿದು ಬರುವ, ಆಗಾಗ ಮೈ ಬಾತುಕೊಳ್ಳುವ ಕಾಯಿಲೆ, ಇದರ ಬಗ್ಗೆ ಗಂಗಾವತಿಯಲ್ಲಿ ಯಾರ ಹತ್ತಿರ ಮಾತೆತ್ತಿದರೂ ನನಗೆ ಸಿಗೋ ಉತ್ತರ ಇದೇ. ಸರಿ, ಲೆಕ್ಕ ಹಾಕೋಣ. 2011ರ ಜನಗಣತಿ ಪ್ರಕಾರ ರಾಯಚೂರು ಜಿಲ್ಲೆಯಲ್ಲಿ 19 ಲಕ್ಷ, ಕೊಪ್ಪಳದಲ್ಲಿ ಹತ್ತಿರಹತ್ತಿರ 14 ಲಕ್ಷ, ವಿಜಯನಗರ ಬೇರೆ ಆಗುವ ಮುಂಚಿನ ಬಳ್ಳಾರಿಯಲ್ಲಿ 24 ಲಕ್ಷಕ್ಕೂ ಜಾಸ್ತಿ ಜನ. ಎಲ್ಲ ಸೇರಿ 57 ಲಕ್ಷ ದಾಟುತ್ತದೆ. 50 ಸಾವಿರಕ್ಕೆ ಒಬ್ಬರು ಅಂದರೆ ಸುಮಾರು 115 ಜನ. ತಜ್ಞರ ಅಂದಾಜುಗಳಲ್ಲಿ ತೀರಾ ಕಮ್ಮಿ ಇರೋದನ್ನ, ಅಂದರೆ ಒಂದೂವರೆ ಲಕ್ಷಕ್ಕೆ ಒಬ್ಬರು ಅನ್ನೋದನ್ನ ಹಿಡಿದರೂ 38 ಜನ. ಇವರಲ್ಲಿ ಮೂರರಲ್ಲಿ ಒಬ್ಬರು ಮಕ್ಕಳು ಅಂತ ಧಾರಾಳವಾಗಿ ಹೇಳಬಹುದು. ಅರ್ಧದಷ್ಟು ಜನರಿಗೆ ಹತ್ತು ವರ್ಷದ ಒಳಗೇ ಮೊದಲ ಬಾವು ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಈ ಮಕ್ಕಳು ಎಲ್ಲಿದ್ದಾರೆ? ನಮ್ಮ ನಡುವೆಯೇ ಇದ್ದಾರೆ. ಮುಖ ಬಾತುಕೊಂಡಾಗ ಹುಳ ಕಡಿದಿದೆ ಅಂತ ಅರಿಶಿನ ಹಚ್ಚಿಸಿಕೊಂಡು ಕೂತಿದ್ದಾರೆ. ಮೆಡಿಕಲ್ ಶಾಪಲ್ಲಿ ಅಲರ್ಜಿ ಮಾತ್ರೆ ತಗೊಂಡು ಹೋಗ್ತಿದ್ದಾರೆ. ತಿಂಗಳಿಗೊಮ್ಮೆ ಹೊಟ್ಟೆನೋವು ಅಂತ ಶಾಲೆ ಬಿಡ್ತಾರೆ, ಮೇಷ್ಟ್ರು ನೆಪ ಹೇಳ್ತಾನೆ ಅಂತ ಬೈತಾರೆ.

ಈ ಬಾವು ನಿಧಾನವಾಗಿ ಏರುತ್ತದೆ, ಒಂದು ದಿನದಲ್ಲಿ ಪೂರ್ತಿ ಊದಿಕೊಳ್ಳುತ್ತದೆ. ಎರಡರಿಂದ ಐದು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಮೋಸ ಆಗೋದು ಇಲ್ಲೇ. ತಾನಾಗಿ ಇಳಿಯುವುದರಿಂದ, ಆ ಹೊತ್ತಿಗೆ ಏನು ಮಾಡಿಸಿದ್ದರೋ ಅದಕ್ಕೇ ಹೆಸರು ಹೋಗುತ್ತದೆ. ದಾರ ಕಟ್ಟಿಸಿದರೆ ದಾರಕ್ಕೆ, ದೃಷ್ಟಿ ತೆಗೆಸಿದರೆ ದೃಷ್ಟಿಗೆ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಇಂಜೆಕ್ಷನ್ನಿಗೆ. ಡಾಕ್ಟರಿಗೂ ತಮ್ಮ ಔಷಧಿ ಕೆಲಸ ಮಾಡಿತು ಅನ್ನಿಸುತ್ತದೆ, ತಾಯಿಗೂ ಸಮಾಧಾನ. ಹೀಗೇ ವರ್ಷಗಳು ಉರುಳಿಹೋಗುತ್ತವೆ.

ನಮ್ಮ ಅಕ್ಕನ ಮಗಳಿಗೆ ಆಗಿದ್ದೂ ಇದೇ. ಒಂದು ಸಲ ಮುಂಗೈ, ಇನ್ನೊಂದು ಸಲ ಪಾದ, ಆಮೇಲೆ ತುಟಿ. ತುರಿಕೆ ಇಲ್ಲ, ಪಿತ್ತದ ಗಂದೆ ಇಲ್ಲ. ಬಾವು ಬರುವ ಮುಂಚೆ ಮೈಮೇಲೆ ಬಳ್ಳಿ ಬಳ್ಳಿಯಾಗಿ ಕೆಂಪು ಗೆರೆ ಮೂಡೋದು, ಅದನ್ನೂ ಅಲರ್ಜಿ ಅಂದರು. ಆಮೇಲೆ ಹೊಟ್ಟೆ ಶುರುವಾಯಿತು. ಕರುಳಿನ ಗೋಡೆಯೇ ಊದಿಕೊಳ್ಳುತ್ತದೆ, ಹೊರಗೆ ಏನೂ ಕಾಣಲ್ಲ, ಮಗು ಮಾತ್ರ ವಾಂತಿ ಮಾಡ್ತಾ ನೋವಲ್ಲಿ ಹೊರಳಾಡುತ್ತದೆ. ಒಂದು ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಅಂತ ಆಪರೇಷನ್ನಿಗೆ ಸಹಿ ಕೂಡ ತಗೊಂಡಿದ್ದರು, ರಾತ್ರಿ ಕಳೆಯುವಷ್ಟರಲ್ಲಿ ನೋವು ಇಳಿಯಿತು ಅಂತ ಉಳಿದುಕೊಂಡಳು. ಇದೇ ಕಾಯಿಲೆಗೆ ಸುಮ್ನೆ ಹೊಟ್ಟೆ ಕೊಯ್ಯಿಸಿಕೊಂಡವರು ಪ್ರಪಂಚದ ತುಂಬ ಇದ್ದಾರೆ.

ಕೊನೆಗೆ ಬೆಂಗಳೂರಲ್ಲಿ ಒಬ್ಬ ಮಕ್ಕಳ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಬಾವು ಬರುತ್ತಾ? ಭಾವನಿಗೆ ಟ್ರ್ಯಾಕ್ಟರ್ ಓಡಿಸಿದ ದಿನ ಕೈ ಊದಿಕೊಳ್ಳೋದು. ಭಾವನ ತಂದೆ ಚಿಕ್ಕ ವಯಸ್ಸಲ್ಲೇ ಒಂದು ರಾತ್ರಿ ಗಂಟಲು ಬಾತು ಉಸಿರುಕಟ್ಟಿ ತೀರಿಕೊಂಡವರು. ಊರಲ್ಲಿ ಎಲ್ಲರೂ ಏನೋ ಮುಟ್ಟಿತ್ತು ಅಂದಿದ್ದರು. ಮೂರು ತಲೆಮಾರು ಕಣ್ಣ ಮುಂದೆ ಇತ್ತು, ಕೇಳುವವರು ಇರಲಿಲ್ಲ.

1888ರಲ್ಲಿ ವಿಲಿಯಂ ಆಸ್ಲರ್ ಅನ್ನೋ ವೈದ್ಯರು ಈ ಕಾಯಿಲೆ ವಂಶದಲ್ಲಿ ಹರಿದು ಬರುತ್ತದೆ ಅಂತ ಬರೆದಿದ್ದು ಒಂದು ಕುಟುಂಬದ ಐದು ತಲೆಮಾರಿನ ಕಥೆ ಕೇಳಿ. ಆಗ ಜೀನ್ ಟೆಸ್ಟ್ ಇರಲಿಲ್ಲ. ಅವರು ಕೇಳಿದ ಪ್ರಶ್ನೆಗೆ ಇವತ್ತೂ ದುಡ್ಡು ಬೇಕಿಲ್ಲ, ಮಷೀನ್ ಬೇಕಿಲ್ಲ.

ಒಳಗೆ ಆಗೋದು ಏನು ಅಂತಲೂ ಹೇಳಿಬಿಡ್ತೀನಿ. ನಮ್ಮ ರಕ್ತದಲ್ಲಿ ಸಿ1 ಇನ್ಹಿಬಿಟರ್ ಅಂತ ಒಂದು ಪ್ರೊಟೀನ್ ಇರುತ್ತದೆ. ಅದು ಕಮ್ಮಿ ಇದ್ದರೆ, ಅಥವಾ ಇದ್ದೂ ಕೆಲಸ ಮಾಡದಿದ್ದರೆ, ಬ್ರಾಡಿಕೈನಿನ್ ಅನ್ನೋ ಪದಾರ್ಥ ಮೈಯಲ್ಲಿ ಮಿತಿಮೀರಿ ತಯಾರಾಗುತ್ತದೆ, ರಕ್ತನಾಳದಿಂದ ನೀರು ಹೊರಗೆ ಸೋರುತ್ತದೆ. ಎಡದಂಡೆ ಕಾಲುವೆಯಲ್ಲಿ ತೂಬು ಮುಚ್ಚೋರು ಇಲ್ಲದಿದ್ದರೆ ಬೇಡದ ಗದ್ದೆಗೂ ನೀರು ನುಗ್ಗುತ್ತಲ್ಲ, ಹಾಗೆ. ಅಲರ್ಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಲರ್ಜಿ ಮಾತ್ರೆ, ಸ್ಟೀರಾಯ್ಡ್, ಅಡ್ರಿನಲಿನ್ ಮೂರೂ ಇಲ್ಲಿ ಕೆಲಸ ಮಾಡಲ್ಲ. ಗಂಟಲು ಮುಚ್ಚಿಕೊಳ್ಳುತ್ತಿರುವ ಮಗುವಿಗೆ ಅದನ್ನೇ ಮತ್ತೆ ಮತ್ತೆ ಕೊಡ್ತಾ ಕೂತರೆ ಹೊತ್ತು ಹೋಗುತ್ತದೆ, ಮಕ್ಕಳ ಉಸಿರಿನ ದಾರಿ ಮೊದಲೇ ಸಣ್ಣದು. ಈ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧ ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಗಂಟಲು ಬಾವು ಬರುತ್ತದೆ.

ಇನ್ನೊಂದು ಮಾತು, ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ನಮ್ಮ ಕಡೆ ಮಗುವಿಗೆ ಏನೇ ಬಂದರೂ "ಸಂಬಂಧದಲ್ಲಿ ಮದುವೆ ಮಾಡಿದ್ರಿ, ಅದಕ್ಕೇ" ಅಂತಾರೆ, ಇಲ್ಲಾಂದ್ರೆ ತಾಯಿ ತಲೆಗೆ ಕಟ್ಟುತ್ತಾರೆ. ಈ ಕಾಯಿಲೆಗೆ ಸೋದರಮಾವನ ಮದುವೆ ಕಾರಣ ಅಲ್ಲ. ಅಪ್ಪ ಅಥವಾ ಅಮ್ಮ, ಇಬ್ಬರಲ್ಲಿ ಒಬ್ಬರ ಒಂದು ಜೀನ್ ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಗಂಡಾಗಲಿ ಹೆಣ್ಣಾಗಲಿ. ನಾಲ್ವರಲ್ಲಿ ಒಬ್ಬರಿಗಂತೂ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೇ ಬರುತ್ತದೆ. ಮುಂದೆ ಮದುವೆಗೆ ತೊಂದರೆ ಅಂತ ಹೆಣ್ಣುಮಕ್ಕಳ ಕಾಯಿಲೆ ಮುಚ್ಚಿಡೋದು ಇನ್ನೂ ಅಪಾಯ. ಮೈನೆರೆಯುವ ಹೊತ್ತಿಗೆ ಬಾವು ಜಾಸ್ತಿ ಆಗುತ್ತದೆ, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇರುವ ಮಾತ್ರೆಗಳಿಂದ ಕೆರಳುತ್ತದೆ. ವಿಷಯ ಗೊತ್ತಿಲ್ಲದ ಡಾಕ್ಟರ್ ಅದನ್ನೇ ಬರೆದುಕೊಟ್ಟರೆ? ಅಪ್ಪಂದಿರಿಗೂ ಹೇಳ್ತೀನಿ, ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆ ಈ ಕಾಯಿಲೆ ಇರುವವರಿಗೆ ಆಗಲ್ಲ.

ಚಿಕಿತ್ಸೆ ಇದೆ. ಸಿ1 ಇನ್ಹಿಬಿಟರನ್ನೇ ಇಂಜೆಕ್ಷನ್ ಆಗಿ ಕೊಡಬಹುದು, ಮಕ್ಕಳಿಗೆ ಅದು ಮೊದಲ ಆಯ್ಕೆ. ಇಕಾಟಿಬ್ಯಾಂಟ್ ಅಂತ ಇನ್ನೊಂದು, ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುವಂಥದ್ದು. ಯುರೋಪಿನಲ್ಲಿ 2017ರಿಂದ ಎರಡು ವರ್ಷದ ಮಕ್ಕಳಿಗೂ ಒಪ್ಪಿಗೆ ಇದೆ. ಬಾವು ಬರದ ಹಾಗೆ ತಡೆಯುವ ಲಾನಡೆಲುಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಎರಡು ವರ್ಷದಿಂದ ಮೇಲ್ಪಟ್ಟ ಮಕ್ಕಳಿಗೂ ಅನುಮತಿ ಸಿಕ್ಕಿತು. ಆದರೆ ಇವುಗಳ ಬೆಲೆ ಕೂಲಿ ಮಾಡುವವರ ಮಾತು ಬಿಡಿ, ನೌಕರಿ ಇರುವವರ ಕೈಗೂ ನಿಲುಕಲ್ಲ. ಹಾಗಾಗಿ ನಮ್ಮಂಥವರಿಗೆ ಉಳಿಯೋದು ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ, ತುರ್ತಿನಲ್ಲಿ ಎಫ್‌ಎಫ್‌ಪಿ, ಅಂದರೆ ಫ್ರೀಜ್ ಮಾಡಿಟ್ಟ ಪ್ಲಾಸ್ಮಾ. ಕೆಲವೊಮ್ಮೆ ಪ್ಲಾಸ್ಮಾ ಕೊಟ್ಟಾಗ ಬಾವು ಏರುವುದೂ ಉಂಟು, ಆದ್ದರಿಂದ ಉಸಿರಿನ ನಳಿಕೆ ಹಾಕಲು ತಯಾರಿರುವ ಕಡೆಯೇ ಕೊಡಬೇಕು. ಡಾನಜೋಲ್ ಅನ್ನೋ ಔಷಧಿ ಅಗ್ಗ, ದೊಡ್ಡವರಿಗೆ ಕೊಡುತ್ತಾರೆ. ಮಕ್ಕಳ ಬೆಳವಣಿಗೆಗೆ ಹೊಡೆತ ಕೊಡುತ್ತದೆ, ಹೆಣ್ಣುಮಕ್ಕಳಲ್ಲಿ ಗಂಡು ಲಕ್ಷಣ ತರುತ್ತದೆ. ಕಮ್ಮಿ ಬೆಲೆ ಅಂತ ಅದನ್ನು ಮಕ್ಕಳಿಗೆ ಶುರು ಮಾಡಬೇಡಿ, ಕೈಮುಗಿದು ಕೇಳ್ತೀನಿ.

ಈಗ ಸರ್ಕಾರಕ್ಕೆ. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5000 ಕೋಟಿ ಅಂತ ಬಜೆಟ್‌ನಲ್ಲಿ ಕೇಳ್ತೀವಿ. ರಾಯಚೂರಿಗೆ ಏಮ್ಸ್ ಬೇಕು ಅಂತ ಜನ 2022ರಿಂದ ಧರಣಿ ಕೂತರು, ಅದು ನ್ಯಾಯವಾದ ಬೇಡಿಕೆ. ಆದರೆ ಏಮ್ಸ್ ಬರುವ ತನಕ ಕಾಯಬೇಕಾದ ವಿಷಯ ಅಲ್ಲ ಇದು. ಶುರುವಿಗೆ ಬೇಕಿರೋದು ಸಿ4 ಅನ್ನೋ ಒಂದು ರಕ್ತ ಪರೀಕ್ಷೆ. ಅದು ಕಮ್ಮಿ ಬಂದರೆ ಸಿ1 ಇನ್ಹಿಬಿಟರ್ ಪರೀಕ್ಷೆಗೆ ಮುಂದೆ ಕಳಿಸಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಮೂರರಲ್ಲೂ ಸಿ4 ಆಗಲಿ. ಒಂದೊಂದು ಕಡೆ ನಾಲ್ಕಾರು ಡೋಸ್ ಔಷಧಿ ಫ್ರಿಜ್ಜಲ್ಲಿರಲಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಪ್ರಕಾರ ಮಾನ್ಯತೆ ಪಡೆದ ಕೇಂದ್ರ ನಮ್ಮ ರಾಜ್ಯದಲ್ಲಿ ಇರೋದು ಬೆಂಗಳೂರಲ್ಲಿ. ಗಂಟಲು ಊದಿದ ಮಗುವನ್ನು ರಾತ್ರಿಯಿಡೀ ಬಸ್ಸಲ್ಲಿ ಕೂರಿಸಿ ಅಲ್ಲಿಗೆ ಕರೆದೊಯ್ಯೋಕೆ ಆಗುತ್ತಾ ಹೇಳಿ?

ನಿಮ್ಮ ಮನೆಯಲ್ಲಿ ತುರಿಕೆ ಇಲ್ಲದೆ ಬಾವು ಬಂದು ಹೋಗುವ ಮಗು ಇದ್ದರೆ, ಜೊತೆಗೆ ಆಗಾಗ ಹೊಟ್ಟೆನೋವೂ ಇದ್ದರೆ, ಡಾಕ್ಟರ್ ಹತ್ತಿರ ಸಿ4 ಮಾಡಿಸಿ ಅಂತ ನೀವೇ ಕೇಳಿ. ಕೇಳೋಕೆ ನಾಚಿಕೆ ಬೇಡ. ಒಂದು ವರ್ಷದ ಒಳಗಿನ ಕೂಸಿಗೆ ಆ ಪರೀಕ್ಷೆ ನಂಬೋಕಾಗಲ್ಲ, ದೊಡ್ಡದಾದ ಮೇಲೆ ಮತ್ತೆ ಮಾಡಿಸಿ. ಕಾಯಿಲೆ ಇದೆ ಅಂತ ಗೊತ್ತಾಗಿದ್ದರೆ ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ಹೇಳಲೇಬೇಕು, ಹಲ್ಲು ಕಿತ್ತ ಕೆಲವು ಗಂಟೆಗಳ ಮೇಲೆ ಗಂಟಲು ಊದಬಹುದು. ಕಾಯಿಲೆಯ ಹೆಸರು, ಕೊಡಬೇಕಾದ ಔಷಧಿ, ಕೆಲಸ ಮಾಡದ ಔಷಧಿ ಬರೆದ ಡಾಕ್ಟರ್ ಚೀಟಿ ಮಗುವಿನ ಸ್ಕೂಲ್ ಬ್ಯಾಗಲ್ಲಿ ಇರಲಿ, ಮೇಷ್ಟ್ರ ಹತ್ತಿರ ಒಂದು ಪ್ರತಿ ಇರಲಿ.

ಮೂರು ಜಿಲ್ಲೆಯಲ್ಲಿ ಇಂಥ ಮನೆಗಳು ಯಾವ್ಯಾವು ಅಂತ ನಾನು ಪಟ್ಟಿ ಮಾಡ್ತಾ ಇದ್ದೀನಿ. ಒಂಟಿಯಾಗಿ ಹೋದರೆ ಜಿಲ್ಲಾ ಆರೋಗ್ಯಾಧಿಕಾರಿ ಮುಂದೆ ನಮ್ಮ ಮಾತು ನಿಲ್ಲಲ್ಲ. ಗೊತ್ತಿದ್ದವರು ಇನ್‌ಬಾಕ್ಸ್‌ಗೆ ಬರೆಯಿರಿ, ಮಗುವಿನ ಹೆಸರು, ಫೋಟೋ ಏನೂ ಬೇಡ, ಊರು ಮತ್ತು ವಯಸ್ಸು ಸಾಕು.