ಕಾಗದದ ಬಟಾಣಿ ಮತ್ತು ಬೆಂಡೆಕಾಯಿಯ ಹೂವು

ಕರ್ನಾಟಕ ಬಿಟ್ಟು ಬಂದು ಎಷ್ಟೋ ವರ್ಷವಾಯಿತು. ಮಗಳಿಗೆ ಈಗ 4 ವರ್ಷ. ಅವಳ ಶಿಶುವಿಹಾರದಲ್ಲಿ ಒಳ್ಳೆಯ ಊಟದ ಪಾಠ ನಡೆಯುವುದು ಕತ್ತರಿ, ಅಂಟು, ಬಣ್ಣದ ಕಾಗದದಿಂದ. ಕಾಗದದ ತಟ್ಟೆ, ಅದರ ಮೇಲೆ ಕಾಗದದ ಕ್ಯಾರೆಟ್, ಕಾಗದದ ಬಟಾಣಿ. ನಾನು ಕಲಿತದ್ದು ಬರೀ ಮಾತಿನಿಂದ. 'ತಿನ್ನು, ಮೈಗೆ ಒಳ್ಳೆಯದು' ಅಂದರೆ ಪಾಠ ಮುಗಿಯಿತು. ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಮಾತಿಗಿಂತ ಕೈಕೆಲಸವೇ ಮೇಲು. ಆದರೆ ಮಗುವಿನ ಕೈಗೆ ನಿಜವಾದ ತರಕಾರಿ ಸಿಗಬೇಕು.

ಅವಳು ಮಾಡಿ ತಂದ ತಟ್ಟೆಯನ್ನು ಫ್ರಿಜ್ ಮೇಲೆ ಅಂಟಿಸಿದೆವು. ಕಾಗದದ ಬಟಾಣಿ ಅಂದರೆ ಅವಳಿಗೆ ಪ್ರಾಣ. ಊಟದ ಬಟಾಣಿಯನ್ನು ಮಾತ್ರ ಒಂದೊಂದೇ ಹೆಕ್ಕಿ ಬದಿಗಿಡುತ್ತಿದ್ದಳು. ಇದನ್ನು ಹಟ ಅನ್ನಬಾರದು. 2ರಿಂದ 6 ವರ್ಷದ ಮಕ್ಕಳಿಗೆ ಗುರುತಿಲ್ಲದ ತಿನಿಸು ಕಂಡರೆ ಹೆದರಿಕೆ ಸಹಜ. ಹೊಸ ತರಕಾರಿ ಒಗ್ಗಬೇಕಾದರೆ ಎಂಟು ಹತ್ತು ಸಲ, ಕೆಲವರಿಗೆ ಹದಿನೈದು ಸಲ ರುಚಿ ನೋಡಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ 'ಇವಳಿಗೆ ಸೇರಲ್ಲ' ಅಂದುಬಿಡುತ್ತೇವೆ, ಅಲ್ವಾ?

ಕೈಕೆಲಸ ನೆರವಾಗುವುದು ಇಲ್ಲೇ. ಬಾಯಿಗೆ ಹೋಗುವ ಮೊದಲೇ ಬೆರಳಿಗೂ ಮೂಗಿಗೂ ಆ ತರಕಾರಿಯ ಪರಿಚಯ ಆಗಿರುತ್ತದೆ. ಬ್ರಿಟನ್ನಿನಲ್ಲಿ 3-4 ವರ್ಷದ ಮಕ್ಕಳ ಜೊತೆ ನಡೆಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹಣ್ಣು ತರಕಾರಿಗಳನ್ನು ಮುಟ್ಟಿ ಆಡಿದ ಮಕ್ಕಳು, ಸುಮ್ನೆ ನೋಡಿದ ಮಕ್ಕಳಿಗಿಂತ ಜಾಸ್ತಿ ಬಗೆಗಳ ರುಚಿ ನೋಡಿದ್ದರು.

ಈಗ ನಮ್ಮ ಮನೆಯಲ್ಲಿ ಭಾನುವಾರ ಅಚ್ಚೊತ್ತುವ ಆಟ. ಬೆಂಡೆಕಾಯಿಯ ತೊಟ್ಟಿನ ಕಡೆಯ ಚೂರನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಪುಟ್ಟ ಹೂವು. ಸೊಪ್ಪಿನ ಕಟ್ಟಿನ ಬುಡ ಕೊಯ್ದು ಒತ್ತಿದರೆ ಗುಲಾಬಿ. ಸೇಬನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಐದು ಮೂಲೆಯ ನಕ್ಷತ್ರ. ಬಣ್ಣಕ್ಕೆ ಬೀಟ್‌ರೂಟ್ ರಸ. ಕೆಂಪು ಎಲೆಕೋಸಿನ ನೀರಿಗೆ ನಿಂಬೆರಸ ಬಿಟ್ಟರೆ ನೇರಳೆ ಹೋಗಿ ಗುಲಾಬಿ ಬಣ್ಣ ಬರುತ್ತದೆ, ಅಡುಗೆ ಸೋಡಾ ಹಾಕಿದರೆ ನೀಲಿ. ಅಂಗಡಿಯ ಬಣ್ಣ ನಾನು ತರುವುದಿಲ್ಲ. 'ಈ ಚೂರು ತಿನ್ನಬಹುದು, ಆ ಚೂರು ತಿನ್ನಬಾರದು' ಅನ್ನುವುದು ಇಷ್ಟು ಚಿಕ್ಕ ಮಕ್ಕಳಿಗೆ ಅರ್ಥವಾಗುವುದು ಕಷ್ಟ.

ಹೊರಗಿರುವ ನನಗೆ ಇದರಿಂದ ಇನ್ನೊಂದು ಲಾಭ. ಲೋಳೆ, ಒರಟು, ನುಣುಪು, ಗರಿಗರಿ, ಒಗರು. ಈ ಮಾತುಗಳೆಲ್ಲ ಮಗಳಿಗೆ ಬಂದದ್ದು ತರಕಾರಿ ಮುಟ್ಟುತ್ತಾ. ಕಾಗದದ ಬಟಾಣಿಯಿಂದ 'ಒಗರು' ಕಲಿಸಲು ಆಗುತ್ತದೆಯೇ?

ಊಟದ ಪದಾರ್ಥದಲ್ಲಿ ಆಟವಾಡಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಆ ಅಳುಕು ನನಗೂ ಇತ್ತು. ಅದಕ್ಕೇ ತೊಟ್ಟು, ಬುಡ, ಸಿಪ್ಪೆ, ಹೇಗೂ ಎಸೆಯುವಂಥದ್ದನ್ನೇ ಜಾಸ್ತಿ ಕೊಡುತ್ತೇನೆ. ಕಾಳು ಮಾತ್ರ ಕೊಡುವುದಿಲ್ಲ. ಚಿಕ್ಕ ಮಕ್ಕಳು ಅದನ್ನು ಮೂಗಿಗೋ ಕಿವಿಗೋ ತೂರಿಸಿಕೊಳ್ಳುತ್ತಾರೆ. ಹಸಿ ಕ್ಯಾರೆಟ್ ತುಂಡು, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಪಕ್ಕದಲ್ಲಿ ದೊಡ್ಡವರು ಕೂತಿರಲೇಬೇಕು.

ಕಾಗದಕ್ಕೂ ಒಂದು ಒಳ್ಳೆಯ ಕೆಲಸ ಇದೆ. 2ರಿಂದ 5 ವರ್ಷದವರಿಗೆ ದಿನಕ್ಕೆ ಕಡಿಮೆಯೆಂದರೆ 250 ಗ್ರಾಂ ಹಣ್ಣು ತರಕಾರಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಮಗುವಿಗೆ ಗ್ರಾಂ ಏನು ಗೊತ್ತು? ಕಾಗದದ ತಟ್ಟೆಯನ್ನು ನಡುವೆ ಮಡಚಿ, ಅರ್ಧಕ್ಕೆ ಹಣ್ಣು ತರಕಾರಿ ಬರೆಯಿಸಿ. ಅರ್ಧ ಅಂದರೆ ಅದಕ್ಕೆ ಗೊತ್ತಾಗುತ್ತದೆ. ತಿನಿಸುಗಳ ಚಿತ್ರ ಕತ್ತರಿಸಿ ನಗುವ ಮುಖ, ಅಳುವ ಮುಖದ ಕೆಳಗೆ ಅಂಟಿಸುವ ಆಟವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಳುವ ಮುಖದ ತಿನಿಸನ್ನು ತಿಂದ ಮಗು ತಾನೇ ಕೆಟ್ಟವಳು ಅಂದುಕೊಳ್ಳುತ್ತದೆ. ಹಾಗೇ, ಆಟ ಮುಗಿದ ಮೇಲೆ 'ಈಗ ತಿನ್ನು' ಎಂದು ದುಂಬಾಲು ಬೀಳಬಾರದು. ಮರುದಿನ ಮಗು ಆಟಕ್ಕೂ ಬರುವುದಿಲ್ಲ.

ಮೊನ್ನೆ ಮಗಳು ಬೇಯಿಸಿದ ಬೆಂಡೆಕಾಯಿಯ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದು ಹೊರಗೆ ತೆಗೆದಳು. 'ಲೋಳೆ' ಅಂದಳು. ಇದು ಆರನೇ ಸಲ ಎಂದು ನಾನು ಎಣಿಸಿಕೊಂಡೆ.