ಬಾಸೆಲ್ ಗಡಿಯಲ್ಲಿ ಕಟ್ಟಿದ ಸುಂಕ

ಜರ್ಮನಿಯ ಫ್ರೈಬುರ್ಗ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಕೆಲವು ವರ್ಷಗಳ ಹಿಂದೆ ಆ ದಾರಿಯಲ್ಲಿ ಹಾಸನದ ಅಕ್ಕನೊಡನೆ ವಿಡಿಯೋ ಕರೆಯಲ್ಲಿ ಮಾತನಾಡುತ್ತ ಕುಳಿತಿದ್ದೆ. ಮಗಳ ಮದುವೆಗೆಂದು ತೆಗೆದ ಸೀರೆಗಳನ್ನು ಅವಳು ಒಂದೊಂದಾಗಿ ಬಿಡಿಸಿ ತೋರಿಸುತ್ತಿದ್ದಳು. ಜರ್ಮನಿಯ ಕೊನೆಯ ಊರಾದ ವೈಲ್ ಆಮ್ ರೈನ್ ಹಿಂದೆ ಸರಿಯಿತು, ಫೋನಿಗೆ ಯಾವುದೋ ಸಂದೇಶ ಬಂತು, ನಾನು ಅದನ್ನು ಓದದೆ ತಳ್ಳಿಬಿಟ್ಟೆ. ಮೂರನೆಯ ಸೀರೆಗೆ ಬರುವಷ್ಟರಲ್ಲಿ ಕರೆ ಕಡಿದುಹೋಯಿತು. ಆ ತಿಂಗಳ ಫೋನ್ ಬಿಲ್ಲಿನಲ್ಲಿ ಎಂದಿನ ಮೊತ್ತದ ಕೆಳಗೆ ಇನ್ನೊಂದು ಸಾಲು ಸೇರಿತ್ತು: ರೋಮಿಂಗಿಗೆ, ಅಂದರೆ ಗಡಿಯಾಚೆಯ ಜಾಲದಲ್ಲಿ ಬಳಸಿದ ಡೇಟಾಕ್ಕೆ, 59 ಯೂರೋ 50 ಸೆಂಟ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಐದು ಸಾವಿರ ರೂಪಾಯಿ. ಆ ಸೀರೆಗಳಲ್ಲಿ ಒಂದರ ಬೆಲೆಯೂ ಅಷ್ಟೇ ಇತ್ತೆಂದು ಅಕ್ಕ ಆಮೇಲೆ ಹೇಳಿದಳು.

ಆ ಮೊತ್ತ ಅಲ್ಲಿಗೇ ನಿಂತದ್ದು ಕಂಪನಿಯ ಔದಾರ್ಯದಿಂದಲ್ಲ. ರೋಮಿಂಗ್ ಡೇಟಾದ ಖರ್ಚು ತೆರಿಗೆ ಬಿಟ್ಟು 50 ಯೂರೋ ಮುಟ್ಟಿದೊಡನೆ ಗ್ರಾಹಕನನ್ನು ಕೇಳದೆ ಮುಂದುವರಿಸಬಾರದೆಂದು ಯುರೋಪಿಯನ್ ಒಕ್ಕೂಟದ ಕಟ್ಟಳೆಯಿದೆ, 2012ರಿಂದ ಅದು ಒಕ್ಕೂಟದ ಹೊರಗಿನ ದೇಶಗಳಲ್ಲಿನ ರೋಮಿಂಗಿಗೂ ಅನ್ವಯಿಸುತ್ತದೆ. ಆ ಐವತ್ತಕ್ಕೆ ಜರ್ಮನಿಯ ಶೇ. 19ರ ತೆರಿಗೆ ಸೇರಿದರೆ ನನ್ನ ಬಿಲ್ಲಿನ ಅಂಕಿ ಬರುತ್ತದೆ. ಅದೇ ಒಕ್ಕೂಟದೊಳಗೆ ನಾನು ಲಿಸ್ಬನ್ನಿಗೆ ಹೋಗಲಿ, ಹೆಲ್ಸಿಂಕಿಗೆ ಹೋಗಲಿ, 2017ರ ಜೂನ್ 15ರಿಂದ ರೋಮಿಂಗಿಗೆ ಪ್ರತ್ಯೇಕ ದರವಿಲ್ಲ, ಮನೆಯಲ್ಲಿ ಎಷ್ಟೋ ಅಲ್ಲಿಯೂ ಅಷ್ಟೇ, ಮತ್ತು ಈ ವ್ಯವಸ್ಥೆಯನ್ನು 2032ರವರೆಗೆ ವಿಸ್ತರಿಸಲಾಗಿದೆ. ಒಕ್ಕೂಟದ ಸದಸ್ಯರಲ್ಲದ ನಾರ್ವೆ, ಐಸ್‌ಲ್ಯಾಂಡ್‌ಗಳೂ ಇದರೊಳಗಿವೆ. ಮನೆಯಿಂದ ಮುಕ್ಕಾಲು ಗಂಟೆ ದೂರದ ಸ್ವಿಟ್ಜರ್ಲೆಂಡ್ ಮಾತ್ರ ಇಲ್ಲ. ಕೆಲವು ಜರ್ಮನ್ ಕಂಪನಿಗಳು ತಾವಾಗಿಯೇ ಅದನ್ನು ಸೇರಿಸಿಕೊಂಡಿವೆ, ಆದರೆ ನನ್ನ ಫೋನ್ ಪ್ಲಾನಿನಲ್ಲಿ ಅದು ಇರಲಿಲ್ಲ, ನಾನು ಓದಿಯೂ ಇರಲಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಅನುಭವವಲ್ಲ. ಅತ್ತಿಬೆಲೆ ದಾಟಿ ಹೊಸೂರಿನ ಕಡೆ ಹೋದ ಕೂಡಲೇ ತಮಿಳುನಾಡಿಗೆ ಸ್ವಾಗತವೆಂಬ ಸಂದೇಶ ಬರುತ್ತಿದ್ದ, ಒಳಬರುವ ಕರೆಗೂ ದುಡ್ಡು ಕಡಿತವಾಗುತ್ತಿದ್ದ ಕಾಲ ನಮ್ಮ ನೆನಪಿನಲ್ಲಿಯೇ ಇದೆ. ಬಿಎಸ್ಎನ್ಎಲ್ 2015ರ ಜೂನ್ 15ರಂದು ದೇಶದೊಳಗೆ ಒಳಬರುವ ಕರೆಯನ್ನು ಉಚಿತ ಮಾಡಿತು, ಎರಡು ವರ್ಷದೊಳಗೆ ಉಳಿದವರೂ ಅದೇ ದಾರಿ ಹಿಡಿದರು. ಹೊಸೂರಿನ ಮೊಬೈಲ್ ಗೋಪುರವಾಗಲಿ ಅದರ ವಿದ್ಯುತ್ ಖರ್ಚಾಗಲಿ ರಾತ್ರೋರಾತ್ರಿ ಬದಲಾಗಲಿಲ್ಲ. ಹಾಗಾಗಿ ರೋಮಿಂಗ್ ದರವನ್ನು ನಾನು ಖರ್ಚಿನ ಲೆಕ್ಕವೆಂದು ಒಪ್ಪುವುದಿಲ್ಲ. ಹೊಳೆ ದಾಟಿಸುವ ದೋಣಿಯವನು ದಡದಲ್ಲಿ ನಿಂತವನ ಅವಸರ ನೋಡಿ ಹೇಳುವ ದರ ಅದು. ಒಂದು ಕಂಪನಿ ಇನ್ನೊಂದಕ್ಕೆ ಕೊಡಬೇಕಾದ ಸಗಟು ದರದ ಮಿತಿಯನ್ನು ಯುರೋಪ್ 2022ರಲ್ಲಿ ಒಂದು ಜಿಬಿಗೆ 2 ಯೂರೋ ಎಂದು ಗೊತ್ತುಮಾಡಿ, ವರ್ಷವರ್ಷವೂ ಇಳಿಸುತ್ತ 2027ಕ್ಕೆ 1 ಯೂರೋಗೆ ತರುತ್ತಿದೆ. ಸೀರೆ ನೋಡುತ್ತ ನಾನು ಬಳಸಿದ್ದು ಒಂದು ಜಿಬಿಯ ಚೂರು ಪಾಲು.

ಇನ್ನು ಈ ಖರ್ಚನ್ನು ತಪ್ಪಿಸುವ ದಾರಿಗಳ ವಿಚಾರ. ಅಮ್ಮ ನಮ್ಮಲ್ಲಿಗೆ ಮೂರು ಬಾರಿ ಬಂದಿದ್ದಾಳೆ, ಮೂರು ಬಾರಿಯೂ ಬೇರೆ ಬೇರೆ ದಾರಿ ಹಿಡಿದೆವು.

ಮೊದಲ ಬಾರಿ ಊರಿನಲ್ಲಿಯೇ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಬಂದಳು. ಅವಳ ಬಾಯಲ್ಲಿ ಇಂದಿಗೂ ಅದು ರೀಚಾರ್ಜ್ ಅಲ್ಲ, ಕರೆನ್ಸಿ. ಈ ದಾರಿಯಲ್ಲಿ ತಲೆನೋವು ಕಡಿಮೆ: ವಿಮಾನ ಇಳಿದ ಕೂಡಲೇ ಅದೇ ನಂಬರು, ಅದೇ ಫೋನು. ಒಂದು ವಾರದ ಪ್ರವಾಸಕ್ಕೆ, ಕಚೇರಿ ಕೆಲಸಕ್ಕೆ ಬರುವವರಿಗೆ ಇದನ್ನೇ ಹೇಳುತ್ತೇನೆ. ಆದರೆ ಮೂರು ತಿಂಗಳಿಗೆ ಅದು ದುಬಾರಿ, ಮೇಲಾಗಿ ನಿಧಾನ. ರೋಮಿಂಗಿನಲ್ಲಿ ಡೇಟಾ ಸಾಮಾನ್ಯವಾಗಿ ಮೊದಲು ತವರಿನ ಜಾಲಕ್ಕೆ ಹೋಗಿ ಅಲ್ಲಿಂದ ಅಂತರ್ಜಾಲ ಸೇರುತ್ತದೆ. ಅಮ್ಮ ನಮ್ಮ ಅಡುಗೆಮನೆಯಲ್ಲಿ ನಿಂತು ಫ್ರೈಬುರ್ಗ್‌ನ ಹವಾಮಾನ ನೋಡಿದರೂ ಆ ಪ್ರಶ್ನೆ ಭಾರತಕ್ಕೆ ಹೋಗಿ ಬರುತ್ತಿತ್ತು.

ಎರಡನೆಯ ಬಾರಿ ಜಾಣತನ ತೋರಿಸಲು ಹೋದೆ. ಜರ್ಮನಿಯಲ್ಲಿ ದಿನಸಿ ಕೊಳ್ಳುವ ಸೂಪರ್ ಮಾರ್ಕೆಟ್ಟಿನಲ್ಲಿಯೇ ಪ್ರಿಪೇಯ್ಡ್ ಸಿಮ್ ಸಿಗುತ್ತದೆ, ಹತ್ತು ಯೂರೋ ಆಸುಪಾಸಿಗೆ ನಾಲ್ಕು ವಾರ ಧಾರಾಳವಾಗಿ ಸಾಕಾಗುವಷ್ಟು ಡೇಟಾ ಬರುತ್ತದೆ. 2017ರ ಜುಲೈನಿಂದ ಗುರುತಿನ ಪರಿಶೀಲನೆ ಕಡ್ಡಾಯವಾಗಿರುವುದರಿಂದ ಪಾಸ್‌ಪೋರ್ಟ್ ಹಿಡಿದು ವಿಡಿಯೋ ಮುಂದೆ ಕೂರಬೇಕು, ಇಲ್ಲವೇ ಅಂಚೆ ಕಚೇರಿಗೆ ಹೋಗಬೇಕು. ನಾನು ನನ್ನ ಹೆಸರಿನಲ್ಲಿಯೇ ತೆಗೆದುಕೊಟ್ಟೆ. ಬ್ರಿಟನ್ನಿನಲ್ಲಿ ಈ ರಗಳೆಯೇ ಇಲ್ಲ, ಅಂಗಡಿಯಲ್ಲಿ ಕೊಂಡು ಹಾಕಿಕೊಂಡರೆ ಆಯಿತು. ಅಮ್ಮನ ಭಾರತದ ಸಿಮ್ಮನ್ನು ತೆಗೆದು, ಕಾಗದದಲ್ಲಿ ಸುತ್ತಿ, ಮೇಜಿನ ಡ್ರಾಯರಿನಲ್ಲಿಟ್ಟೆವು.

ಅಲ್ಲಿಯೇ ಎಡವಿದ್ದು. ಪಿಂಚಣಿ ಬರುವ ಖಾತೆಯಿಂದ ಊರಿನಲ್ಲಿ ಏನೋ ಕಟ್ಟಬೇಕಾಗಿ ಬಂದಾಗ ಓಟಿಪಿ ಹೋಗಲು ನಂಬರೇ ಇರಲಿಲ್ಲ. ಸಿಮ್ಮನ್ನು ಹುಡುಕಿ ಹಾಕಿದರೆ ಜಾಲ ಸಿಗಲಿಲ್ಲ, ಏಕೆಂದರೆ ರೋಮಿಂಗ್ ಸೇವೆಯನ್ನು ಹೊರಡುವ ಮೊದಲೇ ತೆರೆಸಬೇಕಿತ್ತು, ರೀಚಾರ್ಜಿನ ಅವಧಿಯೂ ಮುಗಿದಿತ್ತು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲಿ ಪ್ರವಾಸಿಗೆ 180 ದಿನಗಳಲ್ಲಿ ಇರಲು ಅವಕಾಶವಿರುವುದು 90 ದಿನ. ಭಾರತದಲ್ಲಿ ಬಳಕೆಯಿಲ್ಲದ ನಂಬರನ್ನು ಕಂಪನಿ ನಿಲ್ಲಿಸಬಹುದಾದದ್ದೂ 90 ದಿನಗಳ ನಂತರ. ಪ್ರಿಪೇಯ್ಡ್ ಖಾತೆಯಲ್ಲಿ 20 ರೂಪಾಯಿ ಶಿಲ್ಕು ಇದ್ದರೆ ನಿಲ್ಲಿಸುವಂತಿಲ್ಲ ಎಂಬ, ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮವೂ ಇದೆ, ಆದರೆ ಅಮ್ಮನ ಖಾತೆಯಲ್ಲಿ ಅಷ್ಟೂ ಇರಲಿಲ್ಲ. ಊರಿಗೆ ಮರಳಿದ ಮೇಲೆ ಆಧಾರ್ ಹಿಡಿದು ಎರಡು ದಿನ ಅಂಗಡಿ ಸುತ್ತಿ ಅದೇ ನಂಬರನ್ನು ಉಳಿಸಿಕೊಂಡಳು. “ನಿನ್ನ ಉಳಿತಾಯ ಸಾಕಪ್ಪಾ” ಎಂದಳು.

ಯುರೋಪಿನವನಿಗೂ ನಮಗೂ ಇರುವ ವ್ಯತ್ಯಾಸ ಇದೇ ಎಂದು ಆಗ ಹೊಳೆಯಿತು. ನನ್ನ ಜರ್ಮನ್ ಸಹೋದ್ಯೋಗಿ ಪ್ರವಾಸದಲ್ಲಿ ಸಿಮ್ ಬದಲಾಯಿಸಿದರೆ ಅವನು ಕಳೆದುಕೊಳ್ಳುವುದು ಒಂದಿಷ್ಟು ಕರೆಗಳನ್ನು ಮಾತ್ರ, ಏಕೆಂದರೆ ಅವನ ಬ್ಯಾಂಕು ಒಪ್ಪಿಗೆ ಕೇಳುವುದು ಆ್ಯಪಿನಲ್ಲಿ. ನಮ್ಮವರಿಗೆ ನಂಬರೆಂದರೆ ಬ್ಯಾಂಕು, ಆಧಾರ್, ಗ್ಯಾಸ್, ಯುಪಿಐ ಎಲ್ಲದರ ಬೀಗದ ಕೈ. ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2023ರ ಜನವರಿಯಲ್ಲಿ ಹೊರದೇಶದ ನಂಬರಿನಿಂದಲೂ ಯುಪಿಐ ಬಳಸಲು ಅನಿವಾಸಿಗಳಿಗೆ ದಾರಿ ತೆರೆದಾಗ ಅಮೆರಿಕ, ಸಿಂಗಪುರ, ಯುಎಇ ಮೊದಲಾದ ಹತ್ತು ದೇಶಗಳ ಪಟ್ಟಿ ಕೊಟ್ಟಿತು, ಜರ್ಮನಿ ಅದರಲ್ಲಿರಲಿಲ್ಲ. ಆದ್ದರಿಂದ ಅಗ್ಗದ ಫೋನ್ ಬಳಕೆಯ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ನಮಗೆ ಅರ್ಧ ಮಾತ್ರ ಹೊಂದುತ್ತವೆ. ನಂಬರು ಬೇರೆ, ಡೇಟಾ ಬೇರೆ ಎಂದು ನಾವು ಮೊದಲೇ ವಿಂಗಡಿಸಿಕೊಳ್ಳಬೇಕು: ನಂಬರನ್ನು ತವರಿನದೇ ಇಟ್ಟುಕೊಂಡು ಜೀವಂತವಾಗಿಡಬೇಕು, ಡೇಟಾವನ್ನು ಹೋದ ಊರಿನಲ್ಲಿ ಕೊಳ್ಳಬೇಕು.

ಮೂರನೆಯ ಬಾರಿ ಹಾಗೆಯೇ ಮಾಡಿದೆವು. ಹೊರಡುವ ಮುನ್ನ ಊರಿನಲ್ಲಿ ರೋಮಿಂಗ್ ಸೇವೆ ತೆರೆಸಿ, ಕರೆ ಮತ್ತು ಎಸ್ಎಂಎಸ್‌ಗಷ್ಟೇ ಇರುವ, ಡೇಟಾ ಇಲ್ಲದ ದೀರ್ಘಾವಧಿಯ ಪ್ಯಾಕ್ ಹಾಕಿಸಿದಳು. ಇಂಥ ಪ್ಯಾಕ್‌ಗಳನ್ನು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶಿಸಿ, ಅವಧಿಯನ್ನು 365 ದಿನಗಳವರೆಗೆ ಏರಿಸಿದ್ದು ನಮ್ಮಂಥ ಮನೆಗಳಿಗೆ ದೊಡ್ಡ ಉಪಕಾರ. ರೋಮಿಂಗಿನಲ್ಲಿ ಒಳಬರುವ ಸಂದೇಶಕ್ಕೆ ಸಾಮಾನ್ಯವಾಗಿ ಹಣವಿಲ್ಲ, ಕರೆ ಎತ್ತಿದರೆ ಇದೆ. ಆದ್ದರಿಂದ ಆ ನಂಬರಿಗೆ ಬಂದ ಕರೆ ಎತ್ತಕೂಡದು, ಊರಿನವರು ವಾಟ್ಸ್ಆ್ಯಪಿನಲ್ಲಿಯೇ ಮಾತನಾಡಬೇಕು ಎಂಬ ಒಪ್ಪಂದವಾಯಿತು. ಡೇಟಾ ಬೇರೆ ಸಿಮ್ಮಿನದಾದರೂ ವಾಟ್ಸ್ಆ್ಯಪ್ ಹಳೆಯ ನಂಬರಿನಲ್ಲಿಯೇ ನಡೆಯುತ್ತಿದ್ದುದರಿಂದ ಯಾರಿಗೂ ಹೊಸ ನಂಬರು ಹೇಳುವ ಕೆಲಸವಿರಲಿಲ್ಲ. ದುಬೈಯಲ್ಲಿರುವ ನನ್ನ ಭಾವನ ಮನೆಗೆ ಹೋಗಿದ್ದರೆ ಈ ಒಪ್ಪಂದ ನಡೆಯುತ್ತಿರಲಿಲ್ಲ. ಅಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆಯಿದೆ.

ಈಗ ಎಲ್ಲರೂ ಹೊಗಳುವ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ನನಗೂ ಇಷ್ಟವೇ. ಒಂದು ಕ್ಯುಆರ್ ಕೋಡ್, ಮನೆಯ ವೈ-ಫೈ, ಐದು ನಿಮಿಷ. ಇಳಿದ ಕೂಡಲೇ ಡೇಟಾ ಸಿದ್ಧ. ಆದರೆ ಪ್ರವಾಸಿಗಳಿಗೆ ಮಾರುವ ಇ-ಸಿಮ್‌ಗಳಲ್ಲಿ ಬಹಳಷ್ಟಕ್ಕೆ ಕರೆ ಮಾಡುವ ನಂಬರಿಲ್ಲ, ಅವುಗಳ ಡೇಟಾ ಮೂರನೆಯ ದೇಶವೊಂದನ್ನು ಹಾದು ಬರುವುದೂ ಉಂಟು, ಸ್ಥಳೀಯ ಸಿಮ್ಮಿಗಿಂತ ಒಂದು ಜಿಬಿಗೆ ಬೀಳುವ ಬೆಲೆ ಹೆಚ್ಚು. ಟರ್ಕಿಯಲ್ಲಿ 2025ರಿಂದ ಇಂಥ ಹಲವು ಮಾರಾಟಗಾರರ ಜಾಲತಾಣಗಳನ್ನೇ ತಡೆಹಿಡಿದಿರುವುದರಿಂದ ಅಲ್ಲಿಗೆ ಹೋಗುವವರು ಹೊರಡುವ ಮೊದಲೇ ಹಾಕಿಕೊಂಡಿರಬೇಕು. ಬಾಸೆಲ್‌ಗೆ ಹೋಗುವಾಗ ನಾನು ಈಗ ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಇ-ಸಿಮ್ ಇಟ್ಟುಕೊಳ್ಳುತ್ತೇನೆ, ಮುಖ್ಯ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡುತ್ತೇನೆ. ವಿಮಾನ, ಹಡಗುಗಳಲ್ಲಿಯಾದರೆ ಏರೋಪ್ಲೇನ್ ಮೋಡೇ ಸರಿ. ಅಲ್ಲಿನ ಉಪಗ್ರಹ ಜಾಲಕ್ಕೆ ಯಾವ ದೇಶದ ಅಗ್ಗದ ಪ್ಯಾಕೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಅಮ್ಮನ ಫೋನಿಗೆ ಇ-ಸಿಮ್ ಹಿಡಿಸುವುದಿಲ್ಲ, ಎರಡು ಸಿಮ್ ಇಡುವ ಜಾಗವಿದೆ. ವಿಮಾನ ನಿಲ್ದಾಣದಿಂದ ಮನೆಗೆ ಬರುವ ರೈಲಿನಲ್ಲಿ ಸಿಮ್ ತಟ್ಟೆ ತೆರೆಯುವ ಕಡ್ಡಿಯನ್ನು ನಾನು ಚೀಲದಲ್ಲೆಲ್ಲ ತಡಕಾಡುತ್ತಿದ್ದಾಗ ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಸೆಟ್ಟಿಂಗಿನಲ್ಲಿ ಒಂದಕ್ಕೆ ‘ಊರು’ ಎಂದೂ ಇನ್ನೊಂದಕ್ಕೆ ‘ಇಲ್ಲಿ’ ಎಂದೂ ಹೆಸರಿಟ್ಟೆ, ಡೇಟಾವನ್ನು ‘ಇಲ್ಲಿ’ಗೆ ಕೊಟ್ಟೆ. ಮನೆ ಮುಟ್ಟುವ ಮೊದಲೇ ‘ಊರು’ ಮಿಡಿಯಿತು. ಬ್ಯಾಂಕಿನ ಸಂದೇಶ: ಪಿಂಚಣಿ ಜಮೆಯಾಗಿತ್ತು.